ಹ್ಯಾಕಿಲ್ (ತಂತ್ರಾಂಶ)

ಹ್ಯಾಕಿಲ್ ಎಂಬುದು ಸ್ಥಿರ ಜಾಲತಾಣಗಳನ್ನು ರಚಿಸಲು ಬಳಸುವ ಒಂದು ಮುಕ್ತ ತಂತ್ರಾಂಶ. ಇದನ್ನು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲಾಗಿದೆ. ಬೆಲ್ಜಿಯಂನ ಯಾಸ್ಪರ್ ವಾನ್ ಡೆರ್ ಯೋಗ್ಟ್ ಅವರು 2009ರಲ್ಲಿ ಇದನ್ನು ಆರಂಭಿಸಿದರು. ರೂಬಿ ಭಾಷೆಯಲ್ಲಿರುವ ಜೆಕಿಲ್ ಎಂಬ ತಂತ್ರಾಂಶ ಇದಕ್ಕೆ ಪ್ರೇರಣೆ.

ಸ್ಥಿರ ಜಾಲತಾಣ

ಸ್ಥಿರ ಜಾಲತಾಣದಲ್ಲಿ ಪುಟಗಳು ಮೊದಲೇ ಸಿದ್ಧವಾಗಿರುತ್ತವೆ. ಓದುಗರು ಕೇಳಿದಾಗ ಸರ್ವರ್ ಆ ಕಡತವನ್ನು ಇದ್ದಂತೆಯೇ ಕಳುಹಿಸುತ್ತದೆ. ದತ್ತಾಂಶ ಸಂಗ್ರಹದ ಅಗತ್ಯ ಇರುವುದಿಲ್ಲ. ಇದರಿಂದ ವೇಗ ಹೆಚ್ಚುತ್ತದೆ, ವೆಚ್ಚ ತಗ್ಗುತ್ತದೆ.

ಕಾರ್ಯವಿಧಾನ

ಲೇಖಕರು ಬರಹವನ್ನು ಮಾರ್ಕ್‌ಡೌನ್ ಮುಂತಾದ ಸರಳ ರೂಪದಲ್ಲಿ ಸಿದ್ಧಪಡಿಸುತ್ತಾರೆ. ಅದನ್ನು ಎಚ್‌ಟಿಎಮ್‌ಎಲ್‌ಗೆ ಪರಿವರ್ತಿಸುವ ಕೆಲಸ ಪ್ಯಾಂಡಾಕ್ ಎಂಬ ಲೈಬ್ರರಿಯದು. ಪ್ಯಾಂಡಾಕ್‌ನ ಕರ್ತೃ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್. ಯಾವ ಪುಟ ಯಾವ ಕಡತವನ್ನು ಅವಲಂಬಿಸಿದೆ ಎಂಬುದನ್ನು ಹ್ಯಾಕಿಲ್ ದಾಖಲಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಕಡತ ಬದಲಾದಾಗ ಅದಕ್ಕೆ ಸಂಬಂಧಿಸಿದ ಪುಟಗಳನ್ನು ಮಾತ್ರ ಪುನಃ ರಚಿಸಿದರೆ ಸಾಕು. ತಾಣದ ನಿಯಮಗಳನ್ನೂ ಬಳಕೆದಾರರು ಹ್ಯಾಸ್ಕೆಲ್‌ನಲ್ಲೇ ಬರೆಯುತ್ತಾರೆ. ಅರ್ಥಾತ್ ಪ್ರತಿಯೊಂದು ತಾಣಕ್ಕೂ ಅದರದೇ ಆದ ಒಂದು ಪ್ರೋಗ್ರಾಂ ಇರುತ್ತದೆ.

ನಿರ್ವಹಣೆ

ಈ ಸೌಲಭ್ಯವೇ ಹೊಣೆಯನ್ನೂ ತರುತ್ತದೆ. ಕಂಪೈಲರ್ ಅಥವಾ ಪ್ಯಾಂಡಾಕ್ ಹೊಸ ಆವೃತ್ತಿಗೆ ಸಾಗಿದಂತೆ, ಹಳೆಯ ಪ್ರೋಗ್ರಾಂ ಕಂಪೈಲ್ ಆಗದೆ ನಿಲ್ಲಬಹುದು. 2013ರಲ್ಲಿ ಬಂದ 4ನೆಯ ಆವೃತ್ತಿಯಲ್ಲಿ ಹ್ಯಾಕಿಲ್‌ನ ಒಳರಚನೆಯೇ ಬದಲಾಯಿತು: 'ಆರೋ' ಆಧಾರಿತ ವಿಧಾನದ ಸ್ಥಾನಕ್ಕೆ 'ಮೊನಾಡ್' ಆಧಾರಿತ ವಿಧಾನ ಬಂದಿತು. ಹಿಂದಿನ ಬಳಕೆದಾರರು ತಮ್ಮ ನಿಯಮಗಳನ್ನು ತಿದ್ದಿ ಬರೆಯಬೇಕಾಯಿತು.

ಆದರೆ ತಂತ್ರಾಂಶ ನಿಂತರೂ ಅದು ರಚಿಸಿದ ಪುಟಗಳು ಅಳಿಯುವುದಿಲ್ಲ. ಮುದ್ರಣಯಂತ್ರ ಕೆಟ್ಟರೂ ಅಚ್ಚಾದ ಪುಸ್ತಕವನ್ನು ಓದಬಹುದಷ್ಟೆ, ಇದೂ ಹಾಗೆಯೇ. ನಿಲ್ಲುವುದು ಹೊಸ ಪುಟಗಳ ರಚನೆ ಮತ್ತು ಹಳೆಯ ಪುಟಗಳ ತಿದ್ದುಪಡಿ.

ಪುನಶ್ಚೇತನ

ಇಂತಹ ತಂತ್ರಾಂಶವನ್ನು ಪುನಶ್ಚೇತನಗೊಳಿಸುವಾಗ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಮೊದಲು, ಹಿಂದೆ ಕೆಲಸ ಮಾಡಿದ್ದ ಕಂಪೈಲರ್ ಮತ್ತು ಲೈಬ್ರರಿಗಳ ಆವೃತ್ತಿಗಳನ್ನು ಗುರುತಿಸಿ, ಸಾಧ್ಯವಾದರೆ ಅವುಗಳಿಂದಲೇ ತಾಣವನ್ನು ಒಮ್ಮೆ ರಚಿಸಿಕೊಳ್ಳಲಾಗುತ್ತದೆ. ಪರಸ್ಪರ ಹೊಂದುವ ಆವೃತ್ತಿಗಳ ಸಮೂಹವನ್ನು ಒದಗಿಸುವ ಸ್ಟ್ಯಾಕೇಜ್ ಇದಕ್ಕೆ ನೆರವಾಗುತ್ತದೆ. ಬಳಿಕ ಆವೃತ್ತಿಗಳನ್ನು ಒಂದೊಂದಾಗಿ ಮುಂದಕ್ಕೆ ಒಯ್ಯುತ್ತ, ಕಂಪೈಲರ್ ತೋರಿಸುವ ದೋಷಗಳನ್ನು ತಿದ್ದಲಾಗುತ್ತದೆ. ಹ್ಯಾಸ್ಕೆಲ್‌ನ ಕಟ್ಟುನಿಟ್ಟಾದ 'ಟೈಪ್' ಪರೀಕ್ಷೆಯಿಂದಾಗಿ ಅನೇಕ ತಪ್ಪುಗಳು ಪ್ರೋಗ್ರಾಂ ಓಡುವ ಮುನ್ನವೇ ಸಿಗುತ್ತವೆ. ಕೊನೆಗೆ ಹಳೆಯ ಮತ್ತು ಹೊಸ ಪುಟಗಳನ್ನು ಹೋಲಿಸಲಾಗುತ್ತದೆ. ಕಂಪೈಲ್ ಆದ ಮಾತ್ರಕ್ಕೆ ಪುಟ ಸರಿಯಾಗಿದೆ ಎನ್ನಲಾಗದು. ಮುರಿದ ಕೊಂಡಿಗಳನ್ನು ಹುಡುಕಲು ಹ್ಯಾಕಿಲ್‌ನಲ್ಲೇ 'ಚೆಕ್' ಎಂಬ ಆದೇಶವಿದೆ.

ಪರವಾನಗಿ

ಹ್ಯಾಕಿಲ್ ಬಿಎಸ್‌ಡಿ ಪರವಾನಗಿಯಲ್ಲಿ ಲಭ್ಯವಿದೆ. ಕೃತಿಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡು ಯಾರಾದರೂ ಇದನ್ನು ತಿದ್ದಬಹುದು, ಹಂಚಬಹುದು. ಮೂಲ ಲೇಖಕರು ಕೆಲಸ ನಿಲ್ಲಿಸಿದರೂ ಬೇರೊಬ್ಬರು ಅದನ್ನು ಮುಂದುವರಿಸಲು ಈ ಅನುಮತಿಯೇ ಆಧಾರ.