ಬೇಸ್ ಗಿಟಾರ್: ಉಪಕರಣ ಮತ್ತು ಕಿವಿಯ ರಕ್ಷಣೆ

ಬೇಸ್ ಗಿಟಾರ್ ರಾಕ್, ಫ್ಯೂಶನ್ ತಂಡಗಳ ತಗ್ಗು ಸ್ವರದ ವಾದ್ಯ. ಸಾಮಾನ್ಯವಾಗಿ ನಾಲ್ಕು ತಂತಿಗಳು. ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಬೆಂಗಳೂರಿನ ಮೇಖ್ರಿ ವೃತ್ತದ ಬಳಿಯ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ನುಡಿಸಿದವು. ಐರನ್ ಮೇಡನ್ ಸ್ಥಾಪಕ ಸ್ಟೀವ್ ಹ್ಯಾರಿಸ್ ಬೇಸ್ ವಾದಕರೇ.

ಚಿಕ್ಕ ವೇದಿಕೆಯಲ್ಲಿ ಆಂಪ್ಲಿಫೈಯರಿನ ಸ್ಪೀಕರ್ ಪೆಟ್ಟಿಗೆ ನೆಲದ ಮೇಲಿದ್ದರೆ ಶಬ್ದ ವಾದಕರ ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಸರಿಯಾಗಿ ಮುಟ್ಟುವುದಿಲ್ಲ. ಆಗ ಅವರು ವಾಲ್ಯೂಮ್ ಏರಿಸುತ್ತಾರೆ, ಡ್ರಮ್ಮರ್ ಇನ್ನೂ ಜೋರಾಗಿ ಬಾರಿಸುತ್ತಾರೆ. ಪೆಟ್ಟಿಗೆಯನ್ನು ಎತ್ತರಿಸಿ ಕಿವಿಯತ್ತ ವಾಲಿಸುವುದೇ ಮೊದಲ ರಕ್ಷಣೆ.

85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಸುರಕ್ಷಿತ ಮಿತಿ ಎನ್ನುತ್ತಾರೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು 15 ನಿಮಿಷ. ಫೋಮ್ ಇಯರ್‌ಪ್ಲಗ್ ಅಗ್ಗ. ಅದನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಅರಳುವ ತನಕ ಒತ್ತಿ ಹಿಡಿಯಬೇಕು. ಅದು ಮೇಲಿನ ಸ್ವರಗಳನ್ನು ಹೆಚ್ಚು ತಡೆಯುವುದರಿಂದ ಸಂಗೀತ ಮಂಕಾಗುತ್ತದೆ. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ ಫಿಲ್ಟರ್ ಪ್ಲಗ್ ವಾದಕರಿಗೆ ಮೇಲು.

2000ದ ಶಬ್ದಮಾಲಿನ್ಯ ನಿಯಮಗಳು ಧ್ವನಿವರ್ಧಕಗಳಿಗೆ ಹಾಕಿರುವ ರಾತ್ರಿ 10ರ ಗಡಿ ನೆರೆಹೊರೆಯವರಿಗಾಗಿ ಇದೆ, ವೇದಿಕೆಯ ಮೇಲಿರುವವರ ಕಿವಿಯನ್ನು ಅದು ಕಾಯುವುದಿಲ್ಲ. ಕಾರ್ಯಕ್ರಮದ ಮರುದಿನವೂ ಕಿವಿ ಗುಂಯ್‌ಗುಟ್ಟಿದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಆ ಸೌಲಭ್ಯವಿದೆ.