ದೇವನೂರು ಸೀಮೆಯ ಕಾವಲುಗಳೂ ಬಯಲ ಬೀಡುಗಳೂ

ಕಡೂರು ತಾಲ್ಲೂಕಿನ ದೇವನೂರು ಕನ್ನಡಿಗರಿಗೆಲ್ಲ ಪರಿಚಿತವಾಗಿರುವುದು ಲಕ್ಷ್ಮೀಶ ಕವಿಯಿಂದ. ಅಲ್ಲಿಯ ಲಕ್ಷ್ಮೀಕಾಂತಸ್ವಾಮಿಯ ಭಕ್ತನಾದ ಆ ಕವಿಯು ರಚಿಸಿದ ಜೈಮಿನಿ ಭಾರತದಲ್ಲಿ ಕಥೆಯನ್ನು ನಡೆಸಿಕೊಂಡು ಹೋಗುವುದು ಧರ್ಮರಾಯನ ಯಜ್ಞದ ಕುದುರೆ. ಅದು ತನ್ನಿಚ್ಛೆಯಂತೆ ನಾಡಿನಿಂದ ನಾಡಿಗೆ ಅಲೆಯುತ್ತದೆ; ಅರ್ಜುನನ ಸೇನೆ ಹಿಂದೆ ನಡೆದು, ಅದು ನಿಂತೆಡೆಯಲ್ಲಿ ಪಾಳೆಯ ಬಿಡುತ್ತದೆ. ಕುದುರೆಯ ಗೊರಸು ಮೆಟ್ಟಿದ ನೆಲವು ಒಡೆಯನಿಗೆ ಸಲ್ಲಬೇಕು, ಇಲ್ಲವೆ ಯುದ್ಧವಾಗಬೇಕು ಎಂಬುದು ಆ ಸಂಚಾರದ ನಿಯಮ. ದೇವನೂರಿನ ಸುತ್ತಣ ಬಯಲಿನಲ್ಲಿ ಶತಮಾನಗಳ ಕಾಲ ನಡೆದು ಬಂದ ಇನ್ನೊಂದು ಸಂಚಾರವುಂಟು. ಅಲ್ಲಿಯೂ ಮುಂದೆ ಪಶು, ಹಿಂದೆ ಮನುಷ್ಯ. ಆದರೆ ಹಸುವಿನ ಹಿಂದೆ ನಡೆದವರು ನೆಲವನ್ನು ಗೆಲ್ಲಲಿಲ್ಲ. ಮೇವು ನೀರುಗಳಿದ್ದೆಡೆ ಕೆಲವು ಇರುಳು ತಂಗಿ ಮುಂದೆ ಹೋದರು. ಕಾವ್ಯವು ಹೇಳದೆ ಬಿಟ್ಟ ಈ ಬೀಡುಗಳ ಚರಿತ್ರೆಯು ವಿಚಾರಾರ್ಹವಾದುದು.

'ಬೀಡು' ಎಂಬ ಮಾತು 'ಬಿಡು' ಧಾತುವಿನಿಂದ ಬಂದುದು. ದಂಡು ಬಿಡುವುದು, ಬಿಡಾರ ಬಿಡುವುದು ಎಂಬ ಪ್ರಯೋಗಗಳಲ್ಲಿ ಇಂದಿಗೂ ಆ ಅರ್ಥ ಉಳಿದಿದೆ. ಹೊಯ್ಸಳರ ಶಾಸನಗಳಲ್ಲಿ ಅರಸನು ದೋರಸಮುದ್ರದ ನೆಲೆವೀಡಿನಲ್ಲಿದ್ದು ರಾಜ್ಯವಾಳುತ್ತಿದ್ದನೆಂದು ಹೇಳುವಾಗ, ಸ್ಥಿರವಾದ ಬೀಡನ್ನು ತೋರಿಸಲು 'ನೆಲೆ' ಎಂಬ ಪದವನ್ನು ಮುಂದೆ ಸೇರಿಸಬೇಕಾಯಿತೆಂಬುದು ಗಮನಿಸತಕ್ಕ ಸಂಗತಿ. ಅರಮನೆಯೂ ಮೊದಲು ಒಂದು ಬಿಡಾರವೇ. ದಂಡಿನದು ಪಾಳೆಯ, ಗೊಲ್ಲರದು ಹಟ್ಟಿ, ಕುರುಬರದು ರೊಪ್ಪ, ಲಂಬಾಣಿಗಳದು ತಾಂಡ. ಹೀಗೆ ತಂಗುವವರು ಬೇರೆಯಾದಂತೆ ತಂಗುವ ತಾಣಕ್ಕೆ ಹೆಸರೂ ಬೇರೆಯಾದುದರಿಂದ, ಈ ವ್ಯವಹಾರವು ಎಷ್ಟು ಬೇರೂರಿದ್ದಿತೆಂಬುದು ತಿಳಿದುಬರುತ್ತದೆ.

ಈ ಸೀಮೆಯ ಭೂಸ್ಥಿತಿಯೇ ಅದಕ್ಕೆ ಮೂಲಕಾರಣ. ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಶ್ರೇಣಿ. ಅಲ್ಲಿ ಮಳೆ ಧಾರಾಳ. ಪೂರ್ವಕ್ಕೆ ಇಳಿದಂತೆಲ್ಲ ಮಳೆ ಬೇಗಬೇಗನೆ ಕಡಮೆಯಾಗಿ, ಕಡೂರು, ಬೀರೂರು, ಅಜ್ಜಂಪುರಗಳ ಬಯಲು ಬರಗಾಲಕ್ಕೆ ಈಡಾಗುವ ನೆಲವಾಗಿದೆ. ಗಿರಿಯಿಂದ ಹುಟ್ಟುವ ವೇದಾ ಹೊಳೆಯು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ ಆವತಿ ಹೊಳೆಯು ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅಯ್ಯನಕೆರೆಯನ್ನು ರುಕ್ಮಾಂಗದರಾಯನು ಕಟ್ಟಿಸಿದನೆಂದು ಐತಿಹ್ಯ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಅದರ ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಕೆಲವು ಹರದಾರಿಗಳಲ್ಲಿಯೇ ಮಲೆಯ ಕಾಡು, ಕೆರೆಯಂಗಳ, ಒಣ ಹುಲ್ಲುಗಾವಲು ಮೂರೂ ದೊರೆಯುವ ಇಂಥ ಸೀಮೆಯಲ್ಲಿ ಪಶುಪಾಲನೆಯು ಒಂದೆಡೆ ನಿಂತು ಮಾಡುವ ಉದ್ಯೋಗವಾಗಲು ಸಾಧ್ಯವಿರಲಿಲ್ಲ. ಋತುವಿನೊಡನೆ ಮಂದೆ ಸರಿಯಬೇಕು. ಮಂದೆಯೊಡನೆ ಮನುಷ್ಯ ಸರಿಯಬೇಕು.

ಬಯಲಲ್ಲಿ ಇರುಳು ಕಳೆಯುವುದು ವಿನೋದವಾಗಿರಲಿಲ್ಲವೆಂಬುದಕ್ಕೆ ವೀರಗಲ್ಲುಗಳೇ ಸಾಕ್ಷಿ. ರೈಸ್ ಸಾಹೇಬರು 1901ರಲ್ಲಿ ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಕನ್ನಡನಾಡಿನ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ವಿಷಯವೆಂದರೆ ತುರುಗೋಳು, ಎಂದರೆ ದನಗಳನ್ನು ಸೆರೆಹಿಡಿದೊಯ್ಯುವುದು. ಶತ್ರುಗಳು ಬಂದು ತುರುವನ್ನು ಅಟ್ಟಿಕೊಂಡು ಹೋಗುವರು; ಊರವನೊಬ್ಬನು ಬೆನ್ನಟ್ಟಿ ಅವನ್ನು ಮರಳಿಸಿ ತಾನು ಮಡಿಯುವನು. ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ದನಗಳೂ ಹೋರಾಟವೂ, ನಡುವೆ ಅಪ್ಸರೆಯರೂ, ಮೇಲೆ ಕೈಲಾಸವೂ ಕೆತ್ತಲ್ಪಟ್ಟಿರುತ್ತವೆ. ಆ ಕಾಲದ ಐಶ್ವರ್ಯವು ಹಗೇವಿನಲ್ಲಿರುವಂತೆಯೇ ಬಯಲಿನಲ್ಲಿಯೂ ಇದ್ದಿತು. ಬಯಲಿನ ಐಶ್ವರ್ಯವನ್ನು ಕಾಯುವವನು ಪ್ರಾಣವನ್ನು ಒತ್ತೆಯಿಟ್ಟೇ ಕಾಯಬೇಕಾಗಿದ್ದಿತು.

ಈ ಪದ್ಧತಿಗೆ ರಾಜಾಶ್ರಯವು ದೊರೆತು, ಅದೊಂದು ವ್ಯವಸ್ಥೆಯಾದುದು ಮೈಸೂರು ಒಡೆಯರ ಕಾಲದಲ್ಲಿ. ವಿಜಯನಗರದ ಪ್ರತಿನಿಧಿಗಳಿಂದ ಶ್ರೀರಂಗಪಟ್ಟಣದಲ್ಲಿ ಒಡೆಯರಿಗೆ ಬಂದ ಹಸುಗಳ ಮಂದೆಯು ವೃದ್ಧಿಹೊಂದಲು, ಅವುಗಳಿಗೆ ನಾಡಿನ ನಾನಾ ಭಾಗಗಳಲ್ಲಿ ಕಾವಲುಗಳು ಬಿಡಲ್ಪಟ್ಟುವು. ಚಿಕ್ಕದೇವರಾಜ ಒಡೆಯರು (1673-1704) ಈ ಇಲಾಖೆಯನ್ನು ಕ್ರಮಪಡಿಸಿ, ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವ 'ಬೆಣ್ಣೆ ಚಾವಡಿ'ಯನ್ನಾಗಿ ಮಾಡಿದರು. ಹೈದರಾಲಿಯು ಅದರ ಎತ್ತುಗಳನ್ನು ಫಿರಂಗಿ ಎಳೆಯಲು ಹಚ್ಚಿದನು. ಚಿದಂಬರದ ರಕ್ಷಣೆಗಾಗಿ ಅವನ ದಂಡು ಎರಡೂವರೆ ದಿವಸದಲ್ಲಿ 100 ಮೈಲಿ ನಡೆಯಲು ಈ ಎತ್ತುಗಳೇ ಕಾರಣವೆಂದು ರೈಸರ ಗೆಜೆಟಿಯರಿನಲ್ಲಿ ಹೇಳಿದೆ. ಟಿಪ್ಪುವು ಬೆಣ್ಣೆ ಚಾವಡಿಯ ಹೆಸರನ್ನು 'ಅಮೃತಮಹಲ್' ಎಂದು ಬದಲಾಯಿಸಿ, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು. ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗಗಳೆಂಬ ಮೂರು ಬಗೆಯ ದನಗಳು ಈ ಮಂದೆಗಳಲ್ಲಿ ಸೇರಿದ್ದುವು. ಬೀರೂರು, ಅಜ್ಜಂಪುರಗಳ ಸುತ್ತಣ ಬಯಲು ಅವುಗಳ ಮುಖ್ಯ ನೆಲೆಗಳಲ್ಲೊಂದಾಯಿತು.

ಕಾವಲುಗಳ ವಿಂಗಡಣೆಯೇ ಈ ವ್ಯವಸ್ಥೆಯ ತಿರುಳು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಅವು ಮೂರು ತೆರ. ಮಳೆಯ ನೀರು ಹಳ್ಳಕೊಳ್ಳಗಳಲ್ಲಿ ನಿಲ್ಲುವ ದಿನಗಳಲ್ಲಿ ಮಾತ್ರ ಮೇಯಲು ಯೋಗ್ಯವಾದುವು ಮೊದಲನೆಯವು. ಬೇಸಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳಗಳು: ನೀರು ಹಿಂದೆ ಸರಿದಂತೆ ತೇವವಾದ ಮಣ್ಣಿನಲ್ಲಿ ಹಸುರು ಹುಲ್ಲು ಚಿಗುರುವ, ನೆರಳಿಗೆ ಮರಗಳಿರುವ ಎಡೆಗಳು. ಬೇರೆಲ್ಲ ಕಡೆ ಮೇವು ಒಣಗಿದಾಗ ಮಂದೆಗಳಿಗೆ ಪ್ರಾಣಾಧಾರವಾದ ಇವನ್ನು ಬಹಳ ಕಟ್ಟುನಿಟ್ಟಿನಿಂದ ಕಾಪಾಡುತ್ತಿದ್ದರು. ದನಗಳೆಲ್ಲವನ್ನೂ ಒಂದೆಡೆ ಕೂಡಿಹಾಕದೆ, ಚಿಕ್ಕ ಚಿಕ್ಕ ಮಂದೆಗಳಾಗಿ ಚೆದರಿಸಿ, ಒಂದು ಕಾವಲಿನ ಹುಲ್ಲು ತೀರುವ ಮುನ್ನ ಇನ್ನೊಂದಕ್ಕೆ ಹೊರಡಿಸುತ್ತಿದ್ದರು. ಒಂದೇ ಕೆರೆಯ ಬಳಿ ಸಾವಿರಾರು ದನ ನಿಂತರೆ ಹುಲ್ಲಿನ ಬೇರು ತುಳಿದುಹೋಗುವುದು, ನೀರು ಕದಡುವುದು. ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡರೋಗವು ಒಂದು ಮಂದೆಗೆ ತಗುಲಿದರೆ, ದೂರವೊಂದೇ ಉಳಿದ ಮಂದೆಗಳಿಗೆ ರಕ್ಷೆ. ಆ ರೋಗವು ಭೂಮಿಯಿಂದಲೇ ತೊಲಗಿತೆಂದು ಸಾರಲ್ಪಟ್ಟುದು 2011ರಲ್ಲಿ. ಅದಕ್ಕೆ ಮುಂಚೆ ಚೆದರಿ ತಂಗುವುದೇ ದನಗಾಹಿಯ ವೈದ್ಯವಾಗಿದ್ದಿತು.

ಬೀಡಿನ ಉಪಕರಣಗಳು ಅತ್ಯಲ್ಪ. ತಗ್ಗಿಗಿಂತ ಸ್ವಲ್ಪ ಎತ್ತರದ, ನೀರು ನಿಲ್ಲದ ಜಾಗವನ್ನು ಹುಡುಕಿ, ಕಾರೆಯ ಮುಳ್ಳು ಕಡಿದು ಸುತ್ತಲೂ ಬೇಲಿ ಹಾಕಿ, ಕರುಗಳನ್ನು ನಡುವೆ ಕೂಡಿ, ಹುಲಿ ಚಿರತೆ ತೋಳಗಳ ಭಯಕ್ಕೆ ಬೆಂಕಿಯಿಟ್ಟು, ಸರದಿಯ ಮೇಲೆ ಎಚ್ಚರವಿರುವುದು. ಹಾಸಲೂ ಹೊದೆಯಲೂ ಒಂದೇ ಕಂಬಳಿ. ಮಳೆ ಬಂದರೆ ಅದೇ ಕೊಪ್ಪೆ. ಕಾಡುಗೊಲ್ಲರ ಹಟ್ಟಿಗಳು ಸ್ಥಿರವಾದ ಊರುಗಳಾದ ಮೇಲೂ ಮುಳ್ಳುಬೇಲಿಯ ಆ ಕ್ರಮವು ಬಹುಕಾಲ ಉಳಿಯಿತು. ಬೀಡು ಎದ್ದ ಮೇಲೆ ಅಲ್ಲಿ ಉಳಿಯುವುದು ಬೂದಿಯೂ ಗೊಬ್ಬರವೂ ಮಾತ್ರ. ಮುಂದಿನ ಮಳೆಗೆ ಅಲ್ಲಿಯ ಹುಲ್ಲು ಸುತ್ತಲಿನದಕ್ಕಿಂತ ಸೊಂಪಾಗಿ ಬೆಳೆಯುವುದು.

ಕುರುಬರ ಕುರಿಮಂದೆಗೂ ಒಕ್ಕಲಿಗರ ಹೊಲಕ್ಕೂ ನಡೆದು ಬಂದ ಸಂಬಂಧವು ಇದಕ್ಕೆ ಸಮೀಪವಾದುದು. ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ನಿಲ್ಲಿಸಬೇಕೆಂದು ರೈತನೇ ಕುರುಬನನ್ನು ಕರೆಯುವನು. ಇಷ್ಟು ಇರುಳಿಗೆ ಇಷ್ಟು ರಾಗಿ ಎಂದು ಮಾತಾಗುವುದು. ಅಲೆಯುವವನು ಬೇಡುವವನಾಗಿರಲಿಲ್ಲ, ಬೇಕಾದವನಾಗಿದ್ದನು. ಲಂಬಾಣಿಗಳಾದರೋ ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಮೇಲುನಾಡಿಗೂ ಮೇಲುನಾಡಿನ ಧಾನ್ಯವನ್ನು ಕರಾವಳಿಗೂ ಸಾಗಿಸುತ್ತ, ಹಾದಿಯುದ್ದಕ್ಕೂ ಹೇರು ಇಳಿಸಿ ತಂಗುತ್ತಿದ್ದರು. 1791-92ರ ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡು ಹಸಿವಿನಿಂದ ಪಾರಾದುದು ಅವರು ತಂದ ಧಾನ್ಯದಿಂದ.

ಆದರೆ ಈ ಪದ್ಧತಿಯನ್ನು ಕೇವಲ ಸ್ವರ್ಣಯುಗದ ಚಿತ್ರವಾಗಿ ಬಣ್ಣಿಸುವುದು ನ್ಯಾಯವಲ್ಲ. ಸರ್ಕಾರದ ಕಾವಲೆಂದರೆ ಊರಿನ ದನಗಳಿಗೆ ಮುಚ್ಚಿದ ನೆಲವೆಂದೂ ಅರ್ಥವಾಗುತ್ತಿದ್ದಿತು. ಬೇಸಗೆಯಲ್ಲಿ ಕೆರೆಯಂಗಳದ ಹಸುರು ಕಣ್ಣೆದುರಿಗಿದ್ದರೂ ಬಡ ರೈತನ ಎಮ್ಮೆಗೆ ಅದು ಪರರ ಸೊತ್ತು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ (1876-78) ಜನರೂ ದನಗಳೂ ಲೆಕ್ಕವಿಲ್ಲದೆ ಸತ್ತುಹೋದಾಗ, ಮೇವಿನ ಬೆಲೆಯೇನೆಂಬುದನ್ನು ಈ ಬಯಲುಸೀಮೆಯು ಕಂಡುಕೊಂಡಿತು. ಅಲ್ಲದೆ, ಅರಸರು ಹುಲ್ಲನ್ನು ಉಳಿಸಿದುದು ದನಗಾಹಿಯ ಮೇಲಣ ಕನಿಕರದಿಂದಲ್ಲ, ಫಿರಂಗಿಯನ್ನೆಳೆಯುವ ಎತ್ತುಗಳಿಗಾಗಿ. ಯುದ್ಧದ ಅಗತ್ಯವು ಹುಲ್ಲುಗಾವಲನ್ನು ಕಾಪಾಡಿತೆಂಬುದೂ, ಆ ಅಗತ್ಯವು ತೀರಿದಾಗ ಕಾಪಾಡುವವರೇ ಇಲ್ಲವಾದರೆಂಬುದೂ ಈ ಚರಿತ್ರೆಯ ಕಹಿಯಾದ ಸತ್ಯ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮಂದೆಗಳು ಇಂಗ್ಲಿಷರ ವಶವಾದುವು. 1803ರಲ್ಲಿ ಮರಾಠರ ಮೇಲೆ ನಡೆದ ದಂಡಯಾತ್ರೆಯಲ್ಲಿ ವೆಲ್ಲೆಸ್ಲಿಯ ಸೇನೆಗೆ ಈ ಎತ್ತುಗಳಿಂದ ಬಹಳ ಉಪಯೋಗವಾಯಿತು. ನಡುವೆ ಕ್ಷೀಣಿಸಿದ್ದ ಮಂದೆಗಳು 1813ರಲ್ಲಿ ಕ್ಯಾಪ್ಟನ್ ಹಾರ್ವೆಯ ಕೈಗೆ ಬಂದ ಬಳಿಕ ಚೇತರಿಸಿಕೊಂಡುವು. 1860ರಲ್ಲಿ ಮಿತವ್ಯಯದ ನೆಪದಿಂದ ಇಲಾಖೆಯನ್ನು ಒಡೆದು ದನಗಳನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಕಟ್ಟಬೇಕಾಯಿತು. ಅಧಿಕಾರವು 1881ರಲ್ಲಿ ಒಡೆಯರಿಗೆ ಮರಳಿದ ಮೇಲೆ ಅದು ಮೈಸೂರು ಸಂಸ್ಥಾನಕ್ಕೆ ಸೇರಿತು. ಅಜ್ಜಂಪುರದಲ್ಲಿ 1929ರಲ್ಲಿ ತಳಿಸಂವರ್ಧನ ಕೇಂದ್ರವು ಸ್ಥಾಪಿತವಾಯಿತು.

ಅಷ್ಟರಲ್ಲಿ ಕಾಲವು ಬದಲಾಗಿದ್ದಿತು. 1889ರ ವೇಳೆಗೆ ಬೀರೂರಿನ ಮೇಲೆ ಹರಿಹರದವರೆಗೂ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೂ ರೈಲು ಓಡತೊಡಗಿತು. ಲಂಬಾಣಿಯ ಎತ್ತಿನ ಹೇರಿಗೆ ಕೆಲಸವಿಲ್ಲವಾಯಿತು. ಬ್ರಿಟಿಷ್ ಇಂಡಿಯದಲ್ಲಿ 1871ರ ಶಾಸನವು ಅಲೆದಾಡುವ ಅನೇಕ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. ಆ ಕಳಂಕವು ಕಾನೂನಿನ ಪುಸ್ತಕದಿಂದ ಅಳಿದುದು 1952ರಲ್ಲಿ. ಮೈಸೂರು ಸಂಸ್ಥಾನದ 1900ನೆಯ ಇಸವಿಯ ಅರಣ್ಯ ರೆಗ್ಯುಲೇಷನ್ನಿನಿಂದ ರಕ್ಷಿತಾರಣ್ಯಗಳಲ್ಲಿ ಅಪ್ಪಣೆಯಿಲ್ಲದೆ ದನ ನುಗ್ಗಿಸುವುದೂ ಬೆಂಕಿ ಹಾಕುವುದೂ ದಂಡಾರ್ಹವಾದುವು. ಕಾಡಿನ ಹಿತಕ್ಕೆ ಇದು ಬೇಕಾಗಿದ್ದಿತು. ಆದರೆ ಇರುಳು ಎಲ್ಲಿ ತಂಗಬೇಕೆಂಬ ಪ್ರಶ್ನೆಗೆ ದನಗಾಹಿಗೆ ಉತ್ತರ ದೊರೆಯಲಿಲ್ಲ. ಸ್ವಾತಂತ್ರ್ಯಾನಂತರ ಕಾವಲುಗಳು ತುಂಡು ತುಂಡಾಗಿ ಸಾಗುವಳಿಗೂ ನೀಲಗಿರಿಯ ತೋಪುಗಳಿಗೂ ಕಟ್ಟಡಗಳಿಗೂ ಹೋದುವು. ಚಳ್ಳಕೆರೆಯ ಬಳಿಯ ವಿಶಾಲ ಕಾವಲುಗಳು ಈ ಶತಮಾನದ ಆರಂಭದಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲ್ಪಟ್ಟು, ಊರವರ ಮೊರೆಯು ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು.

ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಭಾಗ್ಯ ಬೇರೆ. ಅಲ್ಲಿಯ ಕೃಷ್ಣಮೃಗಗಳ ನಿಮಿತ್ತ 2011ರಲ್ಲಿ ಅದು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲ್ಪಟ್ಟಿತು. ಒಡೆಯರ ಬೆಣ್ಣೆಗಾಗಿ, ನವಾಬನ ಫಿರಂಗಿಗಾಗಿ ಉಳಿದ ಹುಲ್ಲು ಈಗ ಜಿಂಕೆಗಾಗಿ ಉಳಿದಿದೆ. ಇಂಥ ಮೀಸಲುಗಳ ನಿರ್ವಹಣೆಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗಳಿಗೂ ಸ್ಥಾನವುಂಟೆಂಬುದು ಸಮಾಧಾನದ ಸಂಗತಿ; ಮುಚ್ಚಿದ ಕಾವಲಿನ ಹಳೆಯ ಅಸಮಾಧಾನವನ್ನು ಬಲ್ಲವರು ಆ ಸ್ಥಾನವನ್ನು ವ್ಯರ್ಥಗೊಳಿಸಬಾರದು.

ಈ ದಿನಗಳಲ್ಲಿ ನಗರವಾಸಿಗಳು ವಿಶ್ರಾಂತಿಗಾಗಿ ಕೆರೆಯ ದಡವನ್ನೂ ಕಾಡಿನ ಅಂಚನ್ನೂ ಅರಸಿ ಗುಡಾರ ಹಾಕತೊಡಗಿದ್ದಾರೆ. ಆಕಾಶದ ಕೆಳಗೆ ಮಲಗುವ ಆಸೆ ನಿಂದ್ಯವಲ್ಲ. ಆದರೆ ಈ ಸೀಮೆಯ ಹಿರಿಯರು ಬಯಲ ಬೀಡಿಗೆ ವಿಧಿಸಿಕೊಂಡಿದ್ದ ಮೂರು ಕಟ್ಟಳೆಗಳು ಅವರಿಗೂ ಸಲ್ಲತಕ್ಕುವು: ನೆಲದ ಹೊಣೆ ಹೊತ್ತವರ ಒಪ್ಪಿಗೆಯಿಲ್ಲದೆ ಇಳಿಯಬಾರದು, ಒಂದೇ ಎಡೆಯಲ್ಲಿ ಗುಂಪಾಗಿ ಕವಿಯಬಾರದು, ಬಂದಾಗ ಇದ್ದುದಕ್ಕಿಂತ ನೆಲವನ್ನು ಕೆಡಿಸಿ ಹೋಗಬಾರದು. ದನಗಾಹಿಯು ಗೊಬ್ಬರವನ್ನಾದರೂ ಬಿಟ್ಟುಹೋಗುತ್ತಿದ್ದನು. ಒಡೆದ ಗಾಜನ್ನು ಬಿಟ್ಟುಹೋಗುವವನ ಕೆಳಗೆ ಮುಂದಿನ ಮಳೆಗೆ ಹುಲ್ಲು ಚಿಗುರುವುದಿಲ್ಲ.

ಕಾವಲುಗಳು ಕರಗಿದಂತೆ ಅವುಗಳ ಹೆಸರುಗಳೂ ಮರೆಯಾಗುತ್ತಿವೆ. ಯಾವ ಕೆರೆಯಂಗಳವು ಯಾರ ಬೇಸಗೆಯ ನೆಲೆ, ಯಾವ ದಿಣ್ಣೆಯಲ್ಲಿ ರೊಪ್ಪವಿದ್ದಿತು, ಯಾವ ಬೇಲಿಯ ಮರೆಯಲ್ಲಿ ವೀರಗಲ್ಲು ಒರಗಿದೆ ಎಂಬುದನ್ನು ಬಲ್ಲ ವೃದ್ಧರು ಇನ್ನೂ ಹಳ್ಳಿಗಳಲ್ಲಿದ್ದಾರೆ. ವಿದ್ಯಾವಂತ ಮನೆತನಗಳವರು ತಮ್ಮ ತಮ್ಮ ಊರಿನಲ್ಲಿ ಅವರನ್ನು ಕೇಳಿ ಬರೆದಿಟ್ಟರೆ ಜಿಲ್ಲೆಯ ಚರಿತ್ರೆಗೆ ಮಹೋಪಕಾರವಾದೀತು. ಯಜ್ಞದ ಕುದುರೆಯ ದಾರಿಯನ್ನು ದೇವನೂರಿನ ಕವಿಯು ಹಾಡಿ ಉಳಿಸಿದನು. ಹಸುವಿನ ದಾರಿಯನ್ನು ಉಳಿಸುವ ಕೆಲಸವು ಇನ್ನೂ ಬಾಕಿಯಿದೆ.