ಅರ್ಧ ಆಣೆಯ ಲೆಕ್ಕ



ಹೂವಿನಹಡಗಲಿ ತಾಲ್ಲೂಕಿನಲ್ಲಿ ಹೊಳಲು ಎಂಬ ಊರಿದೆ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಅಲ್ಲಿಗೆ ಹೋದಾಗ, ಪಡಿತರ ಚೀಲ ಹೊತ್ತು ಬರುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬಳನ್ನು ಮಾತನಾಡಿಸಿದೆವು. ಅಕ್ಕಿ ಸಾಕಾಗುತ್ತದೆಯೇ ಎಂದು ಕೇಳಿದರೆ ಆಕೆ ಕ್ಯಾಮೆರಾ ಕಡೆ ನೋಡಲೇ ಇಲ್ಲ. "ಅಕ್ಕಿ ಕೊಡ್ತಾರ, ಚಲೋ ಆತು. ಸಬಕಾರ ಯಾರು ಕೊಡ್ತಾರಪ್ಪಾ?" ಎಂದು ನಮ್ಮನ್ನೇ ಕೇಳಿ ಮುಂದೆ ನಡೆದಳು. ಆ ಮಾತು ಕಾರ್ಯಕ್ರಮದಲ್ಲಿ ಸೇರಲಿಲ್ಲ, ಸಮಯ ಮೀರಿತ್ತು. ಇಲ್ಲಿ ಅದಕ್ಕೊಂದಿಷ್ಟು ಜಾಗ ಸಿಕ್ಕಿದೆ.

ಸರ್ಕಾರ ಬಡವರಿಗೆ ಕೊಡುವ ನೆರವಿನಿಂದ ಅನ್ನವಲ್ಲದ ವಸ್ತುಗಳನ್ನು ಕೊಳ್ಳಬಹುದೇ? ಸಾಬೂನು, ಬಟ್ಟೆ, ಸೌದೆ, ದೀಪದ ಎಣ್ಣೆ, ಮಕ್ಕಳ ಪುಸ್ತಕ ಇವೆಲ್ಲ ನೆರವಿನ ಲೆಕ್ಕಕ್ಕೆ ಬರುತ್ತವೆಯೇ? ಪ್ರಶ್ನೆ ಹೊಸದೆಂದು ನಿಮಗೆ ಅನ್ನಿಸಬಹುದು. ಇದೇ ಸೀಮೆಯಲ್ಲಿ, ಸುಮಾರು ನೂರೈವತ್ತು ವರ್ಷಗಳ ಹಿಂದೆ, ಜೀವನ್ಮರಣದ ಪ್ರಶ್ನೆಯಾಗಿ ಇದು ಎದ್ದು ನಿಂತಿತ್ತು.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1876ರಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಎರಡು ವರ್ಷ ದಕ್ಷಿಣ ಭಾರತವನ್ನು ಹಿಂಡಿದ ಮಹಾ ಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871ರ ಜನಗಣತಿಯಲ್ಲಿ ಇದ್ದಷ್ಟು ಜನ 1881ರ ಗಣತಿಯ ಹೊತ್ತಿಗೆ ಅಲ್ಲಿ ಉಳಿದಿರಲಿಲ್ಲ.

ಹಸಿದವರಿಗೆ ಸರ್ಕಾರ ಕ್ಷಾಮ ಕಾಮಗಾರಿಗಳನ್ನು ತೆರೆಯಿತು. ಜಲ್ಲಿ ಒಡೆಯುವುದು, ಮಣ್ಣು ಹೊರುವುದು, ಕೆರೆಯ ಏರಿ ಕಟ್ಟುವುದು, ಸಂಜೆಗೆ ಕೂಲಿ. ಎಷ್ಟು ಕೂಲಿ? 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಅವರು ಖರ್ಚು ಕಡಿಮೆ ಮಾಡಲು ಹೊಸ ಅಳತೆಯೊಂದನ್ನು ತಂದರು. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಅರ್ಧ ಆಣೆ. ಚರಿತ್ರೆಯಲ್ಲಿ ಇದಕ್ಕೆ 'ಟೆಂಪಲ್ ಕೂಲಿ' ಎಂದೇ ಹೆಸರು.

ನಾನು ಓದಿದ್ದು ವಿಜ್ಞಾನ. ಹಾಗಾಗಿ ಲೆಕ್ಕ ಹಾಕದೆ ಕೈ ಸುಮ್ಮನಿರುವುದಿಲ್ಲ. ನೀವೂ ಹಾಕಿ ನೋಡಿ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಜೋಳವಾಗಲಿ ಅಕ್ಕಿಯಾಗಲಿ, ನೂರು ಗ್ರಾಂ ಧಾನ್ಯದಲ್ಲಿ ಹೆಚ್ಚುಕಡಿಮೆ 340 ಕ್ಯಾಲೊರಿ. ಅಲ್ಲಿಗೆ ದಿನಕ್ಕೆ 1,500ರ ಆಸುಪಾಸು. ಬಿಸಿಲಲ್ಲಿ ಕಲ್ಲು ಒಡೆಯುವವನಿಗೆ ಇದು ಎಲ್ಲಿಗೆ ಸಾಲುತ್ತದೆ? ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಷ್ ಅವರು ಇದನ್ನೇ ಎತ್ತಿ ಹಿಡಿದು ಟೆಂಪಲ್ ಅವರೊಡನೆ ಬಹಿರಂಗವಾಗಿ ವಾದಿಸಿದರು. ಅದೇ ವರ್ಷ ಮೇ ತಿಂಗಳ ಹೊತ್ತಿಗೆ ಮದ್ರಾಸ್ ಸರ್ಕಾರ ಕೂಲಿಯನ್ನು ಹೆಚ್ಚಿಸಿತು.

ಕ್ಯಾಲೊರಿಯ ಈ ಜಗಳ ಪುಸ್ತಕಗಳಲ್ಲಿ ಸಾಕಷ್ಟು ಬಂದಿದೆ. ನನ್ನ ಕಣ್ಣು ಹೋಗುವುದು ಆ ಅರ್ಧ ಆಣೆಯ ಮೇಲೆ. ರೂಪಾಯಿಗೆ ಹದಿನಾರು ಆಣೆ; ಆದ್ದರಿಂದ ಅರ್ಧ ಆಣೆ ಎಂದರೆ ರೂಪಾಯಿಯ ಮೂವತ್ತೆರಡನೆಯ ಒಂದು ಪಾಲು. ಧಾನ್ಯ ಬಿಟ್ಟು ಉಳಿದದ್ದೆಲ್ಲ ಅದರಲ್ಲೇ ಆಗಬೇಕು. ಉಪ್ಪು, ಮೆಣಸಿನಕಾಯಿ, ಒಲೆಗೆ ಸೌದೆ, ಒಡೆದ ಮಡಕೆಗೆ ಬದಲು ಇನ್ನೊಂದು ಮಡಕೆ. ಹಸಿ ಜೋಳವನ್ನು ಯಾರೂ ತಿನ್ನಲಾರರು. ಬೆಂಕಿಯಿಲ್ಲದೆ ಆ ಪೌಂಡಿಗೆ ಅರ್ಥವೇ ಇಲ್ಲ. ಸೌದೆಗೆ ದುಡ್ಡು ಸಾಲದವನು ಏನು ಮಾಡಬೇಕು? ಕಾಳಿನ ಪಾಲಿನಿಂದಲೇ ಕಿತ್ತು ಕೊಡಬೇಕು. ಕಾಗದದ ಮೇಲಿನ ಒಂದು ಪೌಂಡು ಹೊಟ್ಟೆಗೆ ಹೋಗುವಾಗ ಅಷ್ಟೇ ಇರುತ್ತಿರಲಿಲ್ಲ ಎಂದು ನಾನು ತಿಳಿಯುತ್ತೇನೆ.

ಬಟ್ಟೆಯ ಮಾತಂತೂ ಆ ಲೆಕ್ಕದಲ್ಲಿ ಇರಲೇ ಇಲ್ಲ. ಇದರಿಂದ ಇನ್ನೊಂದು ಅನಾಹುತವಾಯಿತು. ಜನರ ಕೈಯಲ್ಲಿದ್ದ ಕಾಸೆಲ್ಲ ಧಾನ್ಯಕ್ಕೆ ಹೋದರೆ ಸೀರೆ ಪಂಚೆ ಕೊಳ್ಳುವವರು ಯಾರು? ಕೊಳ್ಳುವವರಿಲ್ಲದೆ ಮಗ್ಗಗಳು ನಿಂತವು. ಬಳ್ಳಾರಿ ಸೀಮೆಯಲ್ಲಿ ನೇಕಾರಿಕೆ ದೊಡ್ಡ ಕಸುಬು. ಮಗ್ಗದ ಮೇಲೆ ಕೂತು ಅಭ್ಯಾಸವಾದ ಕೈಗಳು ಜಲ್ಲಿ ಒಡೆಯಲು ಬಾರವು. ಕಡೆಗೆ ನೇಕಾರರಿಗೆ ಅವರ ಕಸುಬಿನಲ್ಲೇ ನೆರವು ಕೊಡುವ ಏರ್ಪಾಟನ್ನು ಮದ್ರಾಸ್ ಸರ್ಕಾರ ಮಾಡಬೇಕಾಯಿತು. ಒಬ್ಬನ ಉಡುಗೆ ಇನ್ನೊಬ್ಬನ ಊಟವಾಗಿತ್ತು ಎಂಬುದು ಆಗ ಅಧಿಕಾರಿಗಳಿಗೂ ಕಂಡಿತು.

ಸರ್ಕಾರ ಕೈಬಿಟ್ಟ ಭಾಗವನ್ನು ದಾನದ ಹಣ ಹಿಡಿಯಿತು. 1877ರ ಆಗಸ್ಟಿನಲ್ಲಿ ಮದ್ರಾಸಿನ ಸಾರ್ವಜನಿಕ ಸಭೆಯೊಂದು ಲಂಡನ್ನಿನ ಲಾರ್ಡ್ ಮೇಯರ್ ಅವರಿಗೆ ಮೊರೆಯಿಟ್ಟಿತು. ಮ್ಯಾನ್ಷನ್ ಹೌಸ್ ನಿಧಿ ಹುಟ್ಟಿತು. ಆ ಹಣದಿಂದ ಬಟ್ಟೆ ಹಂಚಿದರು, ಬಿದ್ದ ಮನೆಗಳಿಗೆ ಹೊದಿಕೆ ಹಾಕಿಸಿದರು, ರೈತರಿಗೆ ಬಿತ್ತನೆಯ ಬೀಜಕ್ಕೂ ಉಳುವ ಎತ್ತಿಗೂ ಕಾಸು ಕೊಟ್ಟರು. ಮದ್ರಾಸಿನಲ್ಲಿ ಆ ಸಮಿತಿಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಡಿಗ್ಬಿ 1878ರಲ್ಲೇ ಈ ಕ್ಷಾಮದ ಬಗ್ಗೆ ಎರಡು ಸಂಪುಟಗಳ ಗ್ರಂಥ ಪ್ರಕಟಿಸಿದರು. ಹೊಟ್ಟೆ ಸರ್ಕಾರದ್ದು, ಮೈಮೇಲಿನ ಬಟ್ಟೆ ದಾನಿಗಳದ್ದು ಎಂಬ ಹಂಚಿಕೆ ಹೀಗೆ ನಡೆದಿತ್ತು.

ಸ್ವಾತಂತ್ರ್ಯ ಬಂದಿತು. 1953ರ ಅಕ್ಟೋಬರ್ 1ರಂದು ಹಡಗಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1955ರ ಅಗತ್ಯ ವಸ್ತುಗಳ ಕಾಯಿದೆಯಲ್ಲಿ ಆಹಾರದ ಜೊತೆಗೆ ಹತ್ತಿ ಬಟ್ಟೆ, ಕಾಗದ, ಪೆಟ್ರೋಲಿಯಂ ಉತ್ಪನ್ನಗಳೂ ಜಾಗ ಪಡೆದವು. ನಿಮ್ಮ ತಂದೆತಾಯಿಯರನ್ನು ಕೇಳಿ: ನ್ಯಾಯಬೆಲೆ ಅಂಗಡಿ ಎಂದರೆ ಅವರಿಗೆ ಮೊದಲು ನೆನಪಾಗುವುದು ಸೀಮೆಎಣ್ಣೆಯ ಡಬ್ಬಿ ಹಿಡಿದು ನಿಂತ ಸಾಲು. 1976ರಲ್ಲಿ ಕೇಂದ್ರ ಸರ್ಕಾರ ಜನತಾ ಬಟ್ಟೆ ಯೋಜನೆ ತಂದಿತು. ಕೈಮಗ್ಗದ ನೇಕಾರರಿಗೆ ಕೆಲಸ, ಬಡವರಿಗೆ ಅಗ್ಗದ ಸೀರೆ ಪಂಚೆ. 1877ರ ಪಾಠ ನೂರು ವರ್ಷಕ್ಕೆ ತಲೆಗೆ ಹತ್ತಿತೇನೋ! ಆದರೂ ಬರ ಬಂದಾಗ, ನೆರವು ಎಂದಾಕ್ಷಣ ಮತ್ತೆ ಕಾಳಿನ ಮಾತೇ. ಎಪ್ಪತ್ತರ ದಶಕದ ಕೊನೆಗೆ 'ಕೂಲಿಗಾಗಿ ಕಾಳು' ಬಂದಿತು. 2001ರ ಸಂಪೂರ್ಣ ಗ್ರಾಮೀಣ ರೋಜ್‌ಗಾರ್ ಯೋಜನೆಯಲ್ಲಿ ಕೂಲಿಯ ಒಂದು ಪಾಲು ಧಾನ್ಯ, ಕಾಲು ಭಾಗವಾದರೂ ನಗದು ಇರಬೇಕೆಂದು ನಿಯಮ. ನಮ್ಮ ಅರ್ಧ ಆಣೆ ಕಾಲು ಭಾಗವಾಗಿ ಬೆಳೆದಿತ್ತು.

ಇದು ನಮ್ಮಲ್ಲಿ ಮಾತ್ರ ಇರುವ ತೊಡಕೂ ಅಲ್ಲ. ಅಮೆರಿಕದಲ್ಲಿ 1939ರಲ್ಲಿ ಆರಂಭವಾದ ಆಹಾರ ಚೀಟಿಯ ಪದ್ಧತಿ ಇಂದು ಕಾರ್ಡಿನ ರೂಪದಲ್ಲಿ ನಡೆಯುತ್ತಿದೆ. ಆ ಕಾರ್ಡಿನಲ್ಲಿ ಬ್ರೆಡ್ಡು ಸಿಗುತ್ತದೆ, ಸಾಬೂನು ಸಿಗುವುದಿಲ್ಲ. ಮಗುವಿನ ಹಾಲಿನ ಪುಡಿ ಸಿಗುತ್ತದೆ, ಅದೇ ಮಗುವಿನ ಡೈಪರ್ ಸಿಗುವುದಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಆರಂಭವಾಯಿತು. 2023ರ ಜುಲೈಯಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಹೊಂದಿಸಲಾಗದೆ, ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ರಾಜ್ಯ ಸರ್ಕಾರ ಬ್ಯಾಂಕ್ ಖಾತೆಗೆ ಹಾಕತೊಡಗಿತು. ಐದು ಜನರ ಮನೆಗೆ 850 ರೂಪಾಯಿ. ಅದೇ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ಈ ದುಡ್ಡು ಯಾವುದಕ್ಕೆ ಖರ್ಚಾಯಿತೆಂದು ಅಂಗಡಿಯವನೂ ಕೇಳುವುದಿಲ್ಲ, ತಹಶೀಲ್ದಾರರೂ ಕೇಳುವುದಿಲ್ಲ. ಗ್ಯಾಸ್ ಸಿಲಿಂಡರ್ ಆಗಬಹುದು, ಮಗಳ ಬಸ್ಸಿಗೆ ಚಪ್ಪಲಿಗೆ ಆಗಬಹುದು. ಹಣ ಹಾಳಾಗುತ್ತದೆ, ಅಕ್ಕಿಯಾದರೆ ಮಕ್ಕಳ ಬಾಯಿಗೆ ಬೀಳುತ್ತದೆ ಎನ್ನುವವರಿದ್ದಾರೆ. ಬೆಲೆ ಏರಿದರೆ 170 ರೂಪಾಯಿಗೆ ಐದು ಕಿಲೋ ಬಾರದು ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಅಕ್ಕಿ ಮಾತ್ರ ಕೊಟ್ಟಾಗ ಏನಾಗುತ್ತದೆಂಬುದೂ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಮಿಕ್ಕಿದ ನಾಲ್ಕು ಕಿಲೋ ಅಂಗಡಿಗೋ ಮನೆ ಬಾಗಿಲಿಗೆ ಬರುವ ವ್ಯಾಪಾರಿಗೋ ಹೋಗುತ್ತದೆ, ಬದಲಿಗೆ ಸಾಬೂನು, ಸೋಡಾ, ಎಣ್ಣೆ ಬರುತ್ತದೆ. ಕಾಳು ಅಳೆದು ಕೊಟ್ಟು ಸಾಮಾನು ತರುವುದು ನಮ್ಮ ಅಜ್ಜಿಯರ ಕಾಲದ ರೂಢಿ. ಪಡಿತರ ಅಕ್ಕಿಯ ವಿಷಯದಲ್ಲಿ ಅದು ಅಪರಾಧ. ಮಾರಿದವಳನ್ನು ಕಳ್ಳಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

2025ರ ಫೆಬ್ರುವರಿಯಿಂದ ಹಣ ನಿಂತು ಮತ್ತೆ ಅಕ್ಕಿ ಬಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ, ಹೆಚ್ಚುವರಿ ಅಕ್ಕಿಯ ಬದಲು ಆಹಾರ ಕಿಟ್ ಕೊಡಲು ತೀರ್ಮಾನಿಸಿತು. ಪತ್ರಿಕೆಯಲ್ಲಿ ಪಟ್ಟಿ ಓದುವಾಗ ಹೊಳಲಿನ ಆ ತಾಯಿ ನೆನಪಾದಳು. ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು. ಸಬಕಾರ ಇರಲಿಲ್ಲ.